ಅರವತ್ತು ದಾಟಿದ ಮೇಲೆ ಅಳತೆ ಬದಲಿಸಿದವನು

ಮೆಟೀರಿಯಲ್ಸ್ ಸೈನ್ಸ್ ಪುಸ್ತಕದ ಹಿಂದಿನ ಪುಟಗಳಲ್ಲಿ ಒಂದು ಟೇಬಲ್ ಇರುತ್ತೆ. ಸ್ಟೀಲು, ಅಲ್ಯೂಮಿನಿಯಂ, ತಾಮ್ರ ಎಲ್ಲ ಆದಮೇಲೆ ಕೊನೆಗೆಲ್ಲೋ ಮರ. ಆ ಸಾಲನ್ನು ನಾವ್ಯಾರೂ ಓದಲ್ಲ, ಪರೀಕ್ಷೆಗೆ ಬರಲ್ಲವಲ್ಲ. ಈ ಸಲ ಬೇರೇನೂ ಕೆಲಸ ಇಲ್ಲದೆ ಒಂದು ಲೆಕ್ಕ ಮಾಡಿ ನೋಡಿದೆವು. ಯಂಗ್ಸ್ ಮಾಡ್ಯುಲಸನ್ನು ಡೆನ್ಸಿಟಿಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಆ ವಸ್ತುವಿನೊಳಗೆ ಶಬ್ದ ಓಡುವ ವೇಗ ಸಿಗುತ್ತೆ. ಸ್ಟೀಲಿಗೆ ಸೆಕೆಂಡಿಗೆ ಸುಮಾರು 5,000 ಮೀಟರ್ ಬಂತು. ಸ್ಪ್ರೂಸ್ ಅನ್ನೋ ಮರಕ್ಕೆ, ನಾರಿನ ಉದ್ದಕ್ಕೆ ಲೆಕ್ಕ ಹಾಕಿದರೆ, ಅದೂ ಸುಮಾರು 5,000! ತೂಕ ಮಾತ್ರ ಸ್ಟೀಲಿನ ಹದಿನೆಂಟನೇ ಒಂದು ಭಾಗ. ಎಲ್ಲೋ ತಪ್ಪು ಮಾಡಿದ್ದೀವಿ ಅಂದುಕೊಂಡು ಇನ್ನೊಂದು ಸಲ ಹಾಕಿದೆವು. ತಪ್ಪಿರಲಿಲ್ಲ.

ಈ ಲೆಕ್ಕ ಗೊತ್ತಿಲ್ಲದೆಯೇ ಈ ಮರವನ್ನು ಕೈಯಲ್ಲಿ ತಟ್ಟಿ ತಟ್ಟಿ ತಿಳಿದುಕೊಂಡ ಒಬ್ಬ ಮನುಷ್ಯ ಇದ್ದ. ಯಂಗ್ಸ್ ಮಾಡ್ಯುಲಸ್‌ನ ಥಾಮಸ್ ಯಂಗ್ ಹುಟ್ಟಿದ್ದು 1773ರಲ್ಲಿ. ನಾವು ಹೇಳ್ತಿರೋ ಆಂಟೋನಿಯೊ ಸ್ಟ್ರಾಡಿವರಿ ಅಷ್ಟೊತ್ತಿಗೆ ತೀರಿಕೊಂಡು 36 ವರ್ಷ ಆಗಿತ್ತು.

ಸ್ಟ್ರಾಡಿವರಿ ಹೆಸರು ಕೇಳದವರು ಕಮ್ಮಿ. ಕೋಟಿಗಟ್ಟಲೆ ಬೆಲೆಯ ಪಿಟೀಲು, ಯಾರೋ ಟ್ಯಾಕ್ಸಿಯಲ್ಲಿ ಮರೆತು ಹೋದ ವಾದ್ಯ, ಯಾರಿಗೂ ಗೊತ್ತಿಲ್ಲದ ರಹಸ್ಯ ವಾರ್ನಿಷ್ ಅಂತ ಎಲ್ಲೋ ಓದಿರ್ತೀವಿ. ನಮಗೂ ಗೊತ್ತಿದ್ದದ್ದು ಅಷ್ಟೇ. ಆದರೆ ಅವನ ಕಥೆಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಪಿಟೀಲಲ್ಲ, ಚೆಲ್ಲೊ. ಪಿಟೀಲಿನ ದೊಡ್ಡಣ್ಣ. ಕುರ್ಚಿ ಮೇಲೆ ಕೂತು ಎರಡು ಕಾಲಿನ ನಡುವೆ ನಿಲ್ಲಿಸಿಕೊಂಡು ಕಮಾನು ಎಳೆದು ನುಡಿಸೋ, ಗಂಡಸಿನ ದನಿಗೆ ಹತ್ತಿರದ ದನಿ ಇರೋ ವಾದ್ಯ.

ಅವನು ಹುಟ್ಟಿದ ದಾಖಲೆ ಇವತ್ತಿನವರೆಗೂ ಸಿಕ್ಕಿಲ್ಲ. ಮುದುಕನಾದ ಮೇಲಿನ ಕೆಲವು ವಾದ್ಯಗಳ ಒಳಗೆ ಅಂಟಿಸಿದ ಚೀಟಿಯಲ್ಲಿ ವಯಸ್ಸು ಬರೆದಿದೆ. ಅದರಿಂದ ಹಿಂದಕ್ಕೆ ಎಣಿಸಿ 1644ರ ಸುಮಾರಿಗೆ ಹುಟ್ಟಿರಬೇಕು ಅಂತ ಹೇಳ್ತಾರೆ. ಊರು ಉತ್ತರ ಇಟಲಿಯ ಕ್ರೆಮೋನಾ, ಪೋ ನದಿಯ ಬಯಲಲ್ಲಿರೋ ಸಣ್ಣ ಪಟ್ಟಣ. ಪಿಟೀಲು ಮಾಡೋ ವಿದ್ಯೆ ಆ ಊರಲ್ಲಿ ನೂರು ವರ್ಷದಿಂದ ಅಮಾತಿ ಅನ್ನೋ ಒಂದೇ ಮನೆತನದ ಕೈಯಲ್ಲಿತ್ತು. 1630ರಲ್ಲಿ ಪ್ಲೇಗ್ ಬಂತು. ಅಮಾತಿ ಮನೆಯ ಹಿರಿಯ ಜಿರೊಲಾಮೊ ಸತ್ತ, ಮಗ ನಿಕೊಲೊ ಉಳಿದ. ಈ ನಿಕೊಲೊ ಮನೆಯ ಹೊರಗಿನ ಹುಡುಗರಿಗೂ ಕೆಲಸ ಕಲಿಸೋಕೆ ಶುರು ಮಾಡಿದ. ಅವತ್ತು ಆ ಬಾಗಿಲು ತೆರೆಯದಿದ್ದರೆ ಇವತ್ತು ನಾವು ಈ ಲೇಖನ ಬರೀತಿರಲಿಲ್ಲ.

ಸ್ಟ್ರಾಡಿವರಿ ನಿಕೊಲೊ ಹತ್ತಿರ ಕಲಿತನಾ ಇಲ್ವಾ ಅನ್ನೋದು ಇನ್ನೂ ಜಗಳದ ವಿಷಯ. 1666ರ ಒಂದು ಪಿಟೀಲಿನ ಚೀಟಿಯಲ್ಲಿ ತನ್ನನ್ನು ಅಮಾತಿಯ ಶಿಷ್ಯ ಅಂತ ಕರೆದುಕೊಂಡಿದ್ದಾನೆ. ಆದರೆ ಅಮಾತಿ ಮನೆಯಲ್ಲಿದ್ದವರ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಮುಂದಿನ ವರ್ಷ ಫ್ರಾಂಚೆಸ್ಕಾ ಅನ್ನೋ ವಿಧವೆಯನ್ನು ಮದುವೆಯಾದ. ಅವಳ ಮೊದಲ ಗಂಡನನ್ನು ಗುಂಡಿಟ್ಟು ಕೊಂದದ್ದು ಅವಳ ಅಣ್ಣತಮ್ಮಂದಿರಲ್ಲೇ ಒಬ್ಬ. ಹೌದು, ಅದೇ ಒಂದು ಸಿನಿಮಾ ಆಗುತ್ತೆ, ಇಲ್ಲಿ ಬೇಡ. 1680ರಲ್ಲಿ ಸಾನ್ ದೊಮೆನಿಕೊ ಚರ್ಚಿನ ಎದುರಿಗೆ ಮನೆ ಕೊಂಡ. ಕೆಳಗೆ ಕೆಲಸದ ಕೋಣೆ, ಮೇಲೆ ಛಾವಣಿಯಲ್ಲಿ ವಾದ್ಯ ಒಣಗಿಸೋಕೆ ಗಾಳಿ ಬಿಸಿಲು ಬರೋ ಅಟ್ಟ. ಸಾಯೋವರೆಗೂ, ಅಂದರೆ 57 ವರ್ಷ, ಆ ಮನೆ ಬಿಟ್ಟು ಹೋಗಲಿಲ್ಲ.

ಈಗ ಮರದ ವಿಷಯಕ್ಕೆ ಬರೋಣ. ಚೆಲ್ಲೊ ಮುಂಭಾಗದ ಹಲಗೆ ಸ್ಪ್ರೂಸಿನದು. ಆಲ್ಪ್ಸ್ ಪರ್ವತದ ಎತ್ತರದಲ್ಲಿ ಚಳಿಗೆ ನಿಧಾನವಾಗಿ ಬೆಳೆಯೋ ಮರ. ಬೇಸಿಗೆಯಲ್ಲಿ ಬೆಳೆದ ಮೆತ್ತನೆ ಬಿಳಿ ಪಟ್ಟಿ, ಋತು ಮುಗಿಯುವಾಗ ಬೆಳೆದ ಗಟ್ಟಿ ಕಂದು ಗೆರೆ, ಮತ್ತೆ ಬಿಳಿ, ಮತ್ತೆ ಕಂದು. ಒಂದೊಂದು ಜೋಡಿ ಒಂದೊಂದು ವರ್ಷ. ಒಂಥರಾ ಪ್ರಕೃತಿಯೇ ಮಾಡಿದ ಕಾಂಪೊಸಿಟ್. ಉದ್ದಕ್ಕೆ ಬಗ್ಗಿಸೋಕೆ ಹೋದರೆ ತುಂಬಾ ಬಿಗಿ, ಅಡ್ಡಕ್ಕೆ ಅದರ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಅದಕ್ಕೆ ದಿಮ್ಮಿಯನ್ನು ಹೇಗೆ ಬೇಕೋ ಹಾಗೆ ಕೊಯ್ಯೋ ಹಾಗಿಲ್ಲ. ಕೇಕ್ ತುಂಡು ಮಾಡಿದ ಹಾಗೆ ನಡುವಿನಿಂದ ಹೊರಕ್ಕೆ ಸೀಳಬೇಕು. ಆ ತುಂಡನ್ನು ಮತ್ತೆ ಎರಡು ಮಾಡಿ, ಪುಸ್ತಕ ತೆರೆದ ಹಾಗೆ ಬಿಡಿಸಿ, ನಡುವೆ ಅಂಟು ಹಾಕಿ ಜೋಡಿಸಬೇಕು. ಆಗ ಗೆರೆಗಳೆಲ್ಲ ಹಲಗೆಗೆ ನೆಟ್ಟಗೆ ನಿಲ್ತವೆ, ಎಡ ಬಲ ಒಂದೇ ಥರ ಇರ್ತವೆ. ಆಮೇಲೆ ಉಳಿಯಲ್ಲಿ, ಸಣ್ಣ ಉಜ್ಜುಗೊರಡಿನಲ್ಲಿ ಕಮಾನಿನ ಆಕಾರಕ್ಕೆ ಕೆತ್ತಿ ನಾಲ್ಕೈದು ಮಿಲಿಮೀಟರಿಗೆ ತರಬೇಕು. ಇವತ್ತಿನ ಚೆಲ್ಲೊದಲ್ಲಿ ನಾಲ್ಕು ತಂತಿಗಳ ಎಳೆತ ಕೂಡಿದರೆ 50 ಕಿಲೊ ದಾಟುತ್ತೆ. ಅಷ್ಟನ್ನು ಆ ತೆಳು ಹಲಗೆ ಹೊತ್ತುಕೊಂಡು, ಮೇಲಿಂದ ಸಲೀಸಾಗಿ ನಡುಗಬೇಕು ಕೂಡ. ಬಿಗಿಯೂ ಇರಬೇಕು, ಹಗುರವೂ ಇರಬೇಕು ಅನ್ನೋ ಜಗಳ ಇದು. ಏರೊನಾಟಿಕಲ್ ಬ್ರಾಂಚಿನ ಗೆಳೆಯರಿಗೆ ಪರಿಚಯ ಇರುತ್ತೆ.

ಹಿಂಭಾಗ, ಪಕ್ಕದ ಪಟ್ಟಿಗಳು, ಕುತ್ತಿಗೆ ಎಲ್ಲ ಮೇಪಲ್ ಮರದ್ದು. ಸ್ಪ್ರೂಸಿಗಿಂತ ಭಾರ, ಗಟ್ಟಿ. ಬಿಸಿ ಕಬ್ಬಿಣಕ್ಕೆ ಒತ್ತಿದರೆ ಬಾಗುತ್ತೆ, ಬಾಗಿದ ಹಾಗೇ ನಿಲ್ಲುತ್ತೆ. ಬಾಲ್ಕನ್ ಕಡೆಯಿಂದ ಬರ್ತಿತ್ತು ಅಂತ ಹೇಳ್ತಾರೆ. ಆದರೆ ಚೆಲ್ಲೊ ಬೆನ್ನಿಗೆ ಬೇಕಾದಷ್ಟು ಅಗಲದ ಒಳ್ಳೆ ಮೇಪಲ್ ಯಾವಾಗಲೂ ಸಿಗಬೇಕಲ್ಲ, ದುಬಾರಿ ಬೇರೆ. ಕ್ರೆಮೋನಾದವರು ಊರ ಪಕ್ಕದಲ್ಲೇ ಬೆಳೆಯೋ ಪಾಪ್ಲರ್, ವಿಲೋ ಮರಗಳಲ್ಲೂ ಚೆಲ್ಲೊ ಬೆನ್ನು ಮಾಡ್ತಿದ್ದರು, ಸ್ಟ್ರಾಡಿವರಿಯೂ ಮಾಡಿದ್ದಾನೆ. ದೇವರಂಥ ಹೆಸರಿನವನು ಪೆಟ್ಟಿಗೆ ಮಾಡೋ ಮರ ಬಳಸಿದ ಅಂದರೆ ಯಾಕೋ ನಮಗೆ ಅವನು ಇನ್ನೂ ಹತ್ತಿರದವನು ಅನ್ನಿಸಿದ. ಒಳಗಿನ ಮೂಲೆಗಳ ಕಟ್ಟೆಗೂ ವಿಲೋ. ಅಂಚಲ್ಲಿ ಸುತ್ತಲೂ ಕಾಣೋ ಕಪ್ಪು ಗೆರೆ ಪೇಂಟಲ್ಲ, ಮರದೊಳಗೆ ಕೊರೆದು ಕೂರಿಸಿದ ಪಟ್ಟಿ: ನಡುವೆ ಬಿಳಿ, ಎರಡೂ ಕಡೆ ಕಪ್ಪು ಬಣ್ಣ ಹಾಕಿದ ಮರ. ಅಂಚಿಗೆ ಪೆಟ್ಟು ಬಿದ್ದರೆ ಬಿರುಕು ಅಲ್ಲೇ ನಿಲ್ಲಲಿ ಅಂತ.

ಅಂಟು ಮಾತ್ರ ಪ್ರಾಣಿಗಳ ಚರ್ಮ ಕುದಿಸಿ ಮಾಡಿದ್ದು. ನೀರು, ಬಿಸಿ ತಾಗಿದರೆ ಬಿಟ್ಟುಕೊಳ್ಳುತ್ತೆ. ಇದೇನಪ್ಪಾ ಕಳಪೆ ಅಂಟು ಅನ್ನಿಸಬಹುದು. 1963ರಲ್ಲಿ ನಡೆದದ್ದು ಕೇಳಿ. ಸ್ಟ್ರಾಡಿವರಿ 1711ರಲ್ಲಿ ಮಾಡಿದ ಮಾರಾ ಅನ್ನೋ ಚೆಲ್ಲೊ ದಕ್ಷಿಣ ಅಮೆರಿಕದ ರಿಯೊ ದೆ ಲಾ ಪ್ಲಾತಾದಲ್ಲಿ ಹಡಗಿನ ಮೇಲೆ ಹೋಗ್ತಿತ್ತು. ಹಡಗಿಗೆ ಬೆಂಕಿ ಬಿತ್ತು, ಜನ ಸತ್ತರು. ನುಡಿಸುವವರು ಹೇಗೋ ಬದುಕಿಕೊಂಡರು, ಚೆಲ್ಲೊ ನೀರಿಗೆ ಹೋಯಿತು. ಆಮೇಲೆ ಸಿಕ್ಕಿದಾಗ ಅದು ಬಿಡಿ ಬಿಡಿ ಹಲಗೆಗಳ ಕಂತೆ. ಅಂಟು ಕರಗಿ ಬೆಸುಗೆಗಳು ಬಿಟ್ಟುಕೊಂಡಿದ್ದವು. ಅದೇ ಒಳ್ಳೆಯದಾಯಿತು. ಬಿಡದ ಅಂಟಾಗಿದ್ದರೆ ನೆನೆದು ಉಬ್ಬಿದ ಮರವೇ ಸೀಳಬೇಕಿತ್ತು. ಲಂಡನ್ನಿನ ಕೆಲಸಗಾರರು ತಿಂಗಳುಗಟ್ಟಲೆ ಕೂತು ಅದನ್ನು ಮತ್ತೆ ಜೋಡಿಸಿದರು. ಈಗಲೂ ಕಛೇರಿಗಳಲ್ಲಿ ನುಡೀತಿದೆ.

ನಾವು ಮುಖ್ಯವಾಗಿ ಹೇಳಬೇಕೆಂದಿದ್ದ ಘಟ್ಟ ಇನ್ನು ಮೇಲೆ.

ಸ್ಟ್ರಾಡಿವರಿ ಚಿಕ್ಕವನಿದ್ದಾಗ ಚೆಲ್ಲೊ ಅಂದರೆ ಒಂದು ದೊಡ್ಡ ವಾದ್ಯ. ಬರೀ ಮೈಯೇ 80 ಸೆಂಟಿಮೀಟರಿಗೆ ಹತ್ತಿರ. ಅದಕ್ಕೆ ಕಾರಣ ತಂತಿ. ಆಗಿನ ತಂತಿ ಅಂದರೆ ಕುರಿಯ ಕರುಳು ಹೊಸೆದದ್ದು. ಪಿಯುಸಿಯಲ್ಲಿ ಓದಿದ ಸೂತ್ರ ನೆನಪಿಸಿಕೊಳ್ಳಿ: ಸ್ವರ ತಗ್ಗಬೇಕು ಅಂದರೆ ಒಂದೋ ತಂತಿ ಉದ್ದ ಆಗಬೇಕು, ಇಲ್ಲ ಎಳೆತ ಕಮ್ಮಿ ಆಗಬೇಕು, ಇಲ್ಲ ಮೀಟರಿಗೆ ಇಷ್ಟು ಅನ್ನೋ ತೂಕ ಹೆಚ್ಚಬೇಕು. ಚೆಲ್ಲೊದ ಕೆಳಗಿನ ತಂತಿ ನುಡಿಯೋದು ಸುಮಾರು 65 ಹರ್ಟ್ಸ್‌ನಲ್ಲಿ. ಎಳೆತ ಇಳಿಸಿದರೆ ತಂತಿ ಸಡಿಲಾಗಿ ಬಡಿದುಕೊಳ್ಳುತ್ತೆ. ತೂಕಕ್ಕೆ ಅಂತ ಕರುಳನ್ನು ದಪ್ಪ ಮಾಡಿದರೆ ಅದು ತಂತಿ ಆಗಿರಲ್ಲ, ಕೋಲಾಗುತ್ತೆ. ಹಾಗಾಗಿ ಉಳಿದ ದಾರಿ ಒಂದೇ, ಉದ್ದ ಮಾಡೋದು. ತಂತಿ ಉದ್ದ ಆದರೆ ವಾದ್ಯವೂ ಉದ್ದ. ಅಷ್ಟು ದೊಡ್ಡದರ ಮೇಲೆ ಬೆರಳು ಓಡೋದು ಕಷ್ಟ. ಚರ್ಚಿನಲ್ಲಿ ಹಾಡುವವರ ಹಿಂದೆ ನಿಧಾನವಾಗಿ ಆಧಾರ ಸ್ವರ ಕೊಡೋಕೆ ಸಾಕು, ಒಂಟಿಯಾಗಿ ನುಡಿಸೋಕೆ ಸಾಲದು.

1660ರ ದಶಕದ ಹೊತ್ತಿಗೆ ಯಾರೋ ಕರುಳಿನ ಮೇಲೆ ಸಣ್ಣ ಲೋಹದ ತಂತಿ ಸುತ್ತಿದರು. ಸುತ್ತಿದ ಲೋಹ ತೂಕ ಕೊಡುತ್ತೆ, ಒಳಗಿನ ಕರುಳು ತೆಳ್ಳಗೇ ಇರೋದರಿಂದ ಬಳುಕೋದು ಹೋಗಲ್ಲ. ಎಷ್ಟು ಸಿಂಪಲ್ ಅಲ್ವಾ? ಈಗ ತಂತಿ ಗಿಡ್ಡ ಮಾಡಬಹುದು. ತಂತಿ ಗಿಡ್ಡ ಆದರೆ ವಾದ್ಯವೂ ಚಿಕ್ಕದಾಗಬಹುದು. ಬೇರೆ ಊರುಗಳಲ್ಲಿ, ಕ್ರೆಮೋನಾದಲ್ಲೂ ಕೆಲವರು ಚಿಕ್ಕ ಚೆಲ್ಲೊ ಮಾಡೋಕೆ ಶುರು ಮಾಡಿದರು. ಸ್ಟ್ರಾಡಿವರಿ ಮಾತ್ರ ತನ್ನ ದೊಡ್ಡ ಅಳತೆ ಬಿಡಲಿಲ್ಲ. 1690ರಲ್ಲಿ ಫ್ಲಾರೆನ್ಸಿನ ಮೆದಿಚಿ ರಾಜಕುಮಾರನಿಗೆ ಕಳಿಸಿದ ಚೆಲ್ಲೊ ದೊಡ್ಡದೇ. ಈಗ ಅದು ಅಲ್ಲಿನ ಮ್ಯೂಸಿಯಮ್ಮಿನಲ್ಲಿದೆ. 1700 ಕಳೆದ ಮೇಲೆ ಕೆಲವು ವರ್ಷ ಅವನು ಚೆಲ್ಲೊ ಮಾಡಿದ್ದೇ ಬಹಳ ಅಪರೂಪ. ಆ ಮೌನದಲ್ಲಿ ಅವನ ತಲೆಯೊಳಗೆ ಏನು ನಡೀತಿತ್ತು ಅಂತ ಯಾವ ಕಾಗದವೂ ಹೇಳಲ್ಲ. ಅವನು ಬರೆಯೋ ಆಸಾಮಿ ಅಲ್ಲ. ಉಳಿದಿರೋ ಬೆರಳೆಣಿಕೆಯ ಕಾಗದಗಳಲ್ಲಿ ಒಂದರಲ್ಲಿ, 1708ರಲ್ಲಿ, ವಾರ್ನಿಷ್ ಒಣಗೋ ಕಾರಣಕ್ಕೆ ಕೆಲಸ ತಡವಾಯಿತು, ಕ್ಷಮಿಸಬೇಕು ಅಂತ ಗಿರಾಕಿಗೆ ಬರೆದಿದ್ದಾನೆ. ಸಬ್ಮಿಶನ್ ತಡ ಮಾಡಿ ಕಾರಣ ಬರೆಯೋದು ನಮ್ಮಿಂದ ಶುರುವಾಗಿದ್ದಲ್ಲ ಅಂತ ಸಮಾಧಾನ ಆಯಿತು.

ಅದೇ ಹೊತ್ತಿಗೆ, 1707ರ ಸುಮಾರಿಗೆ, ಅವನ ಅಂಗಡಿಯಿಂದ ಹೊಸ ಚೆಲ್ಲೊ ಬಂತು. ಮೈ ಉದ್ದ ಸುಮಾರು 76 ಸೆಂಟಿಮೀಟರ್. ಬರೀ ಝೆರಾಕ್ಸಿನಲ್ಲಿ ಚಿಕ್ಕದು ಮಾಡಿದ ಹಾಗಲ್ಲ. ಉದ್ದ, ಅಗಲ, ಸೊಂಟದ ತಿರುವು, ಒಳಗಿನ ಗಾಳಿಯ ಜಾಗ ಎಲ್ಲವನ್ನೂ ಹೊಸದಾಗಿ ಹೊಂದಿಸಿದ್ದ. ಉದ್ದ ಕಡಿಮೆಯಾದರೂ ಕೆಳಗಿನ ಸ್ವರದ ಗಾಂಭೀರ್ಯ ಹೋಗಲಿಲ್ಲ, ಮೇಲಿನ ಸ್ವರಗಳಿಗೆ ಬೆರಳು ಸಲೀಸಾಗಿ ಹೋಯಿತು. ಇದನ್ನು ಫಾರ್ಮಾ ಬಿ ಅಂತ ಕರೀತಾರೆ. ಇದರ ಕಾಗದದ ನಕ್ಷೆಗಳು ಕ್ರೆಮೋನಾ ಮ್ಯೂಸಿಯಮ್ಮಿನಲ್ಲಿ ಈಗಲೂ ಇವೆ. ಅವನಿಗಾಗ ಅರವತ್ತು ದಾಟಿ ಎರಡು ಮೂರು ವರ್ಷ. ನಾವು ಮೊದಲ ವರ್ಷದ ಪ್ರಾಜೆಕ್ಟಿಗೆ ಸೀನಿಯರ್‌ಗಳ ರಿಪೋರ್ಟಿನ ಹೆಸರು ಬದಲಿಸಿ ಕೊಟ್ಟವರು, ಯಾಕಂದ್ರೆ ಅದು ಹೇಗೂ ವರ್ಕ್ ಆಗುತ್ತೆ. ಊರಿಗೆಲ್ಲ ದೊಡ್ಡ ಹೆಸರಾಗಿದ್ದ, ದುಡ್ಡೂ ಮಾಡಿದ್ದ ಮುದುಕ, ತಾನೇ ಮೂವತ್ತು ವರ್ಷ ಮಾಡಿದ ಅಳತೆಯನ್ನು ಪಕ್ಕಕ್ಕಿಟ್ಟ. ಅದೂ ತನ್ನ ತಪ್ಪಿನಿಂದಲ್ಲ, ಯಾರೋ ತಂತಿ ಮಾಡುವವನು ಮೆಟೀರಿಯಲ್ ಬದಲಿಸಿದ ಅಂತ.

1711ರ ದ್ಯೂಪೋರ್, 1712ರ ದಾವಿದೋವ್ ಎರಡೂ ಈ ಅಳತೆಯವೇ. ದಾವಿದೋವನ್ನು ಮೊದಲು ಜಾಕ್ವೆಲಿನ್ ದು ಪ್ರೇ ನುಡಿಸ್ತಿದ್ದರು, ಆಮೇಲೆ ಯೊ-ಯೊ ಮಾ ಕೈಗೆ ಬಂತು. ಯೂಟ್ಯೂಬಿನಲ್ಲಿ ಸಿಗುತ್ತೆ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಇಂದಿಗೂ ಚೆಲ್ಲೊ ಮಾಡುವವರಲ್ಲಿ ಬಹಳ ಜನ ಈ 76 ಸೆಂಟಿಮೀಟರಿನ ಸುತ್ತಲೇ ಇದ್ದಾರೆ. ಅವನ ಹಳೇ ದೊಡ್ಡ ಚೆಲ್ಲೊಗಳ ಗತಿ ಬೇರೆ. ಮುಂದೆ ಬಂದ ಒಡೆಯರು ಅವನ್ನೆಲ್ಲ ಹೆಚ್ಚುಕಮ್ಮಿ ಕೊಯ್ದು ಚಿಕ್ಕದು ಮಾಡಿಸಿಕೊಂಡರು. ಸ್ಟ್ರಾಡಿವರಿಯನ್ನೇ ಗರಗಸ ಹಾಕಿ ತಿದ್ದಿದ್ದಾರೆ ನೋಡಿ!

ಕಮಾನಿನ ವಿಷಯಕ್ಕೆ ಬಂದರೆ ಕಥೆ ಅವನ ಕೈ ಬಿಟ್ಟು ಹೋಗುತ್ತೆ. ಅವನ ಕಾಲದ ಕಮಾನು ಈಗಿನದರ ಥರ ಇರಲಿಲ್ಲ. ಕಡ್ಡಿ ನೆಟ್ಟಗೆ ಅಥವಾ ಹೊರಕ್ಕೆ ಬಾಗಿರ್ತಿತ್ತು. ಒಳ್ಳೇ ಕಮಾನುಗಳಿಗೆ ದಕ್ಷಿಣ ಅಮೆರಿಕದ ಸ್ನೇಕ್‌ವುಡ್ ಬಳಸ್ತಿದ್ದರು. ಈಗಿನ ರೂಪ ಬಂದದ್ದು ಅವನು ಸತ್ತು ಅರ್ಧ ಶತಮಾನ ಆದಮೇಲೆ, ಪ್ಯಾರಿಸಿನ ಫ್ರಾನ್ಸ್ವಾ ಟೂರ್ಟ್ ಕೈಯಲ್ಲಿ. ಈತ ಮೊದಲು ಕಲಿತದ್ದು ಗಡಿಯಾರದ ಕೆಲಸ, ಆಮೇಲೆ ಬ್ರಾಂಚ್ ಚೇಂಜ್. ಬ್ರೆಜಿಲ್ಲಿನಿಂದ ಬಟ್ಟೆಗೆ ಕೆಂಪು ಬಣ್ಣ ತೆಗೆಯೋಕೆ ಬರ್ತಿದ್ದ ಪರ್ನಾಂಬುಕೊ ಮರವನ್ನು ಆರಿಸಿ, ಬಿಸಿ ಮಾಡಿ ಒಳಕ್ಕೆ ಬಗ್ಗಿಸಿದ. ಬಗ್ಗಿಸಿದ್ದು ಹಾಗೇ ನಿಲ್ಲುತ್ತೆ, ಒತ್ತಿದರೆ ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಬರುತ್ತೆ. ಆ ದೇಶಕ್ಕೆ ಬ್ರೆಜಿಲ್ ಅನ್ನೋ ಹೆಸರು ಬಂದದ್ದೂ ಈ ಮರದಿಂದಲೇ. ಕಡ್ಡಿಗೆ ಕುದುರೆ ಬಾಲದ ಕೂದಲು ನೂರೈವತ್ತಕ್ಕೂ ಹೆಚ್ಚು ಎಳೆ, ಅದಕ್ಕೆ ಪೈನ್ ಮರದ ರಾಳ ಉಜ್ಜಬೇಕು, ಇಲ್ಲದಿದ್ದರೆ ತಂತಿ ಮೇಲೆ ಜಾರುತ್ತೆ, ದನಿಯೇ ಬರಲ್ಲ. ಕೈಯಲ್ಲಿ ಹಿಡಿಯೋ ಕಡೆ ಕರಿಮರದ ತುಂಡು. ಈ ಕರಿಮರ, ತಂತಿ ಬಿಗಿಯೋ ಕುಂಟಿಗಳಿಗೆ ಬಳಸೋ ಬೀಟೆ, ಇವೆರಡು ಮಾತ್ರ ನಮ್ಮ ಕಡೆಯ ಕಾಡುಗಳಿಗೂ ಗೊತ್ತಿರೋ ಮರಗಳು. ಪರ್ನಾಂಬುಕೊ ಈಗ ಅಳಿವಿನಂಚಿಗೆ ಬಂದಿದೆ, 2007ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಇದೆ. ಅದಕ್ಕೇ ಕಾರ್ಬನ್ ಫೈಬರ್ ಕಮಾನುಗಳು ಬಂದಿರೋದು.

ಅಂದರೆ ಇವತ್ತು ನಾವು ಕೇಳೋ ಸ್ಟ್ರಾಡಿವರಿ ಚೆಲ್ಲೊದಲ್ಲಿ ಕಮಾನು ಅವನದಲ್ಲ, ತಂತಿ ಅವನದಲ್ಲ. ಕುತ್ತಿಗೆಯನ್ನೂ ಆಮೇಲಿನವರು ಬದಲಿಸಿದ್ದಾರೆ, ಒಳಗಿನ ಸ್ಪ್ರೂಸ್ ದಂಡವನ್ನು ಗಟ್ಟಿಯದು ಹಾಕಿದ್ದಾರೆ. ನೆಲಕ್ಕೆ ಊರೋ ಲೋಹದ ಕಡ್ಡಿ ಕೂಡ ಹತ್ತೊಂಬತ್ತನೇ ಶತಮಾನದಲ್ಲಿ ರೂಢಿಗೆ ಬಂದದ್ದು, ಅವನ ಕಾಲದವರು ಮೀನಖಂಡಗಳ ನಡುವೆ ಹಿಡಿದುಕೊಂಡು ನುಡಿಸ್ತಿದ್ದರು. ಅವನದು ಅಂತ ಉಳಿದಿರೋದು ಪೆಟ್ಟಿಗೆ, ಮೇಲಿನ ಸುರುಳಿ, ಅದರ ಮೇಲಿನ ಬಣ್ಣ.

ಬಣ್ಣದ ರಹಸ್ಯದ ಬಗ್ಗೆ ಒಂದು ಮಾತು. 2009ರಲ್ಲಿ ಫ್ರಾನ್ಸಿನ ಸಂಶೋಧಕರು ಪ್ಯಾರಿಸ್ ಮ್ಯೂಸಿಯಮ್ಮಿನ ಐದು ಸ್ಟ್ರಾಡಿವರಿ ವಾದ್ಯಗಳ ವಾರ್ನಿಷ್ ಪರೀಕ್ಷಿಸಿದರು. ಸಿಕ್ಕಿದ್ದು ಒಣಗೋ ಎಣ್ಣೆ, ಪೈನ್ ರಾಳ, ಸ್ವಲ್ಪ ಕೆಂಪು ಬಣ್ಣ. ಆ ಕಾಲದ ಚಿತ್ರಕಾರರ ಹತ್ತಿರ ಇರ್ತಿದ್ದ ಸಾಮಾನೇ. 2017ರಲ್ಲಿ ತೈವಾನಿನವರು ಅವನ ಮೇಪಲ್ಲಿನಲ್ಲಿ ಅಲ್ಯೂಮಿನಿಯಂ, ತಾಮ್ರ, ಸತುವಿನಂಥವು ಇವತ್ತಿನ ಮರಕ್ಕಿಂತ ಬೇರೆ ಪ್ರಮಾಣದಲ್ಲಿವೆ ಅಂತ ತೋರಿಸಿದರು. ಮರಕ್ಕೆ ಹುಳ ಬೀಳದ ಹಾಗೆ ಯಾರೋ ಏನೋ ಹಾಕಿರಬಹುದು. ಅವನು ಬದುಕಿದ್ದ ಕಾಲದಲ್ಲಿ ಯುರೋಪಿನಲ್ಲಿ ಚಳಿ ಹೆಚ್ಚಿದ್ದು ಮರ ನಿಧಾನವಾಗಿ ಬೆಳೆಯಿತು ಅನ್ನೋರೂ ಇದ್ದಾರೆ. ಆ ಚಳಿ ಅವನೊಬ್ಬನಿಗೆ ಬಿದ್ದಿರಲಿಲ್ಲವಲ್ಲ ಅನ್ನೋದು ನಮ್ಮ ಪ್ರಶ್ನೆ. ಕಣ್ಣಿಗೆ ಕತ್ತಲೆ ಮಾಡಿಕೊಂಡು ಹೊಸದನ್ನೂ ಹಳೆಯದನ್ನೂ ನುಡಿಸಿ ನೋಡಿದ ಪರೀಕ್ಷೆಗಳಲ್ಲಿ ಒಳ್ಳೊಳ್ಳೆ ಪಿಟೀಲುಗಾರರೇ ಹೊಸದನ್ನು ಆರಿಸಿದ್ದೂ ಇದೆ.

1737ರ ಡಿಸೆಂಬರ್ 18ರಂದು ಸ್ಟ್ರಾಡಿವರಿ ತೀರಿಕೊಂಡ. ತೊಂಬತ್ತು ದಾಟಿತ್ತು, ಕೊನೆಯ ವರ್ಷದಲ್ಲೂ ಕೆಲಸ ಮಾಡ್ತಿದ್ದ. ಜೊತೆಗಿದ್ದ ಇಬ್ಬರು ಮಕ್ಕಳು, ಒಮೊಬೊನೊ ಮತ್ತು ಫ್ರಾಂಚೆಸ್ಕೊ, 1742 ಮತ್ತು 1743ರಲ್ಲಿ ಒಬ್ಬರ ಹಿಂದೆ ಒಬ್ಬರು ಹೋದರು. ಅಲ್ಲಿಗೆ ಆ ಕೈಗಳು ಮುಗಿದವು. ಬಟ್ಟೆ ವ್ಯಾಪಾರ ಮಾಡ್ತಿದ್ದ ಇನ್ನೊಬ್ಬ ಮಗ ಪಾವೊಲೊ ಅಚ್ಚುಗಳನ್ನೂ ನಕ್ಷೆಗಳನ್ನೂ ಉಪಕರಣಗಳನ್ನೂ 1770ರ ದಶಕದಲ್ಲಿ ಕೊಜಿಯೊ ಅನ್ನೋ ಶ್ರೀಮಂತನಿಗೆ ಮಾರಿದ. ಅವು ಕೈ ಬದಲಾಗಿ 1920ರಲ್ಲಿ ಜುಸೆಪ್ಪೆ ಫಿಯೊರಿನಿ ಅನ್ನೋ ಪಿಟೀಲು ಮಾಡುವವನ ಪಾಲಾದವು. ಅವನು ಹತ್ತು ವರ್ಷದ ಮೇಲೆ ಎಲ್ಲವನ್ನೂ ಕ್ರೆಮೋನಾ ಊರಿಗೇ ಕೊಟ್ಟ. ಹಾಗಾಗಿ ಅವನ ಅಚ್ಚು ಹಾಕಿ ಅವನದೇ ಅಳತೆಯ ವಾದ್ಯ ಯಾರು ಬೇಕಾದರೂ ಮಾಡಬಹುದು, ಎಷ್ಟೋ ಜನ ಮಾಡ್ತಿದ್ದಾರೆ ಕೂಡ. ಯಾವ ಹಲಗೆಯನ್ನು ತಟ್ಟಿ ನೋಡಿ ಎಲ್ಲಿ ಅರ್ಧ ಮಿಲಿಮೀಟರ್ ಬಿಡಬೇಕು ಅನ್ನೋದು ಮಾತ್ರ ಆ ನಕ್ಷೆಯಲ್ಲಿಲ್ಲ.

ಅವನನ್ನು ಹೂಳಿದ್ದು ಮನೆ ಎದುರಿನ ಸಾನ್ ದೊಮೆನಿಕೊ ಚರ್ಚಿನಲ್ಲಿ. 1869ರ ಹೊತ್ತಿಗೆ ಆ ಚರ್ಚನ್ನು ಕೆಡವಿದರು. ಅವನ ಮೂಳೆಗಳು ಯಾವುವು ಅಂತ ಈಗ ಹೇಳೋ ಹಾಗಿಲ್ಲ. ಆ ಜಾಗದಲ್ಲೀಗ ಪಾರ್ಕಿದೆ.

ಸ್ಪ್ರೂಸ್ ಬೆಳೆಯೋ ಕಾಡು ಮಾತ್ರ ಇನ್ನೂ ಇದೆ. ಉತ್ತರ ಇಟಲಿಯ ಪಾನೆವೆಜೊ ಕಾಡಿಗೆ ಪಿಟೀಲುಗಳ ಕಾಡು ಅಂತಲೇ ಹೆಸರು. 2018ರ ಅಕ್ಟೋಬರ್ ಕೊನೆಯಲ್ಲಿ ವಾಯಾ ಅನ್ನೋ ಬಿರುಗಾಳಿ ಆ ಪ್ರಾಂತ್ಯದ ಲಕ್ಷಾಂತರ ಮರಗಳನ್ನು ಮಲಗಿಸಿಬಿಟ್ಟಿತು. ಬಿದ್ದವುಗಳಲ್ಲಿ ವಾದ್ಯಕ್ಕೆ ಆಗೋದನ್ನು ಜನ ಆರಿಸಿ, ಸೀಳಿ, ಒಣಗೋಕೆ ಜೋಡಿಸಿಟ್ಟರು. ಒಣಗೋಕೆ ವರ್ಷಗಳೇ ಬೇಕು.